ಇಟಲಿಯ ಉದ್ದ ಕುತ್ತಿಗೆಯೂ ನಮ್ಮ ಕಾಕಾನೂ

ನಾನೂರೈವತ್ತು ವರ್ಷಗಳ ಹಿಂದೆ ಇಟಲಿಯಲ್ಲಿ ಚಿತ್ರಕ್ಕೆ ಕೂತು ಎದ್ದುಹೋದ ಹೆಂಗಸರಿಗೆ ಬೆನ್ನುನೋವು ಇತ್ತೋ ಇಲ್ಲವೋ ಎಂಬ ಚಿಂತೆಯಲ್ಲಿ ತಟ್ಟೆಯ ಊಟ ತಣ್ಣಗಾಗಿಸಿಕೊಳ್ಳುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಆ ಒಬ್ಬರು ನನಗೆ ಕಾಕಾ ಆಗಬೇಕು. ನಾನೇನು ಮಾಡಲಿ?

ಕಾಕಾ ಎಂದರೆ ಅಪ್ಪನ ತಮ್ಮ. ಅಪ್ಪ ನೌಕರಿಗೆಂದು ಧಾರವಾಡ ಬಿಟ್ಟು ಮೈಸೂರಿಗೆ ಬಂದವರು ಅಲ್ಲಿಯವರೇ ಆಗಿಬಿಟ್ಟರು, ಹಾಗಾಗಿ ನನ್ನದು ಮೈಸೂರಿನ ಕನ್ನಡ. ಕಾಕಾ ಧಾರವಾಡದಿಂದ ಅಟ್ಲಾಂಟಾಕ್ಕೆ ಬಂದರು. ಮೂವತ್ತೈದು ವರ್ಷ ಅಮೆರಿಕದಲ್ಲಿದ್ದರೂ ಅವರ ನಾಲಿಗೆಯ ಮೇಲಿನ ಧಾರವಾಡ ಒಂದಿಂಚು ಅಲುಗಿಲ್ಲ. ಅವರು ರೇಡಿಯಾಲಜಿಸ್ಟ್, ಅಂದರೆ ರೋಗಿಯನ್ನು ಮುಟ್ಟದೆ ಅವನ ಎಕ್ಸ್‌ರೇ, ಸ್ಕ್ಯಾನುಗಳನ್ನು ಮಾತ್ರ ನೋಡಿ ವರದಿ ಬರೆಯುವ ಡಾಕ್ಟರು. ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು, ಹೊಳೆಯುವ ಪರದೆಯ ಮೇಲೆ ಯಾರದೋ ಎಲುಬುಗಳನ್ನು ಎಣಿಸುವ ಕೆಲಸ. ಮನೆಗೆ ಬಂದರೂ ಆ ಲೆಕ್ಕ ನಿಲ್ಲುತ್ತಿರಲಿಲ್ಲ. ನನ್ನ ಮದುವೆಯ ಆಲ್ಬಂ ನೋಡಿ ಅವರು ಹೇಳಿದ ಏಕೈಕ ಮಾತು, "ಅಳಿಯಂದೇವರ ಬಲಗಡೆ ಭುಜ ಸ್ವಲ್ಪ ಕೆಳಗ ಅದ ನೋಡು" ಎಂಬುದು. ಅದಾದ ಮೇಲೆ ನನ್ನ ಗಂಡ ಅವರೆದುರು ಯಾವಾಗಲೂ ಎಡಗಡೆ ವಾಲಿಕೊಂಡೇ ನಿಲ್ಲುತ್ತಾನೆ.

ಈ ಇಟಲಿಯ ಹುಚ್ಚಿಗೆ ಮೂಲ ಕಾರಣ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎರಡು ಸಾವಿರದ ಇಪ್ಪತ್ತರಲ್ಲಿ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಅಟ್ಲಾಂಟಾ ಹತ್ತಿರದ ಊರು ಸುವಾನಿಯಿಂದ ಕಾಕಾನ ಹೆಂಡತಿ ಕಾಕುವಿನ ಫೋನು ಬಂತು. "ಜನ ಹೊರಗ ಬೀಳಲಿಕ್ಕೆ ಒಲ್ಲರು, ಹಿಂಗಾಗಿ ಕಾಲೂ ಮುರಕೋವಲ್ಲರು. ನಿಮ್ಮ ಕಾಕಾಗ ಕೆಲಸಿಲ್ಲ. ನಿನ್ನೆ ನನ್ನ ಮಸಾಲಿ ಡಬ್ಬಿ ಪೂರಾ ತಗದು ಎಬಿಸಿಡಿ ಪ್ರಕಾರ ಜೋಡಿಸ್ಯಾರ. ಜೀರಗಿ ಎಲ್ಲೆ ಹೋತು ನನಗ ಗೊತ್ತಿಲ್ಲ. ಏನರ ಮಾಡವಾ" ಎಂದರು. ನಾನು ಹಿಂದುಮುಂದು ನೋಡದೆ ಸಾವಿರ ತುಣುಕುಗಳ ಒಂದು ಜಿಗ್‌ಸಾ ಪಜಲ್ ಆರ್ಡರ್ ಮಾಡಿ ಕಳಿಸಿದೆ. ಯಾವುದೋ ಹಳೆಯ ಇಟಾಲಿಯನ್ ಚಿತ್ರ. ಮಗುವನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ಸುಂದರಿ. ಡಬ್ಬದ ಮೇಲಿನ ಚಿತ್ರವನ್ನು ನಾನು ಸರಿಯಾಗಿ ನೋಡಿರಲೂ ಇಲ್ಲ, ಆಗ ಡಿಸ್ಕೌಂಟ್ ಇದ್ದದ್ದು ಅದೊಂದಕ್ಕೇ.

ಐದನೆಯ ದಿನಕ್ಕೆ ಕಾಕಾನ ಫೋನು ಬಂತು. ದನಿ ಗಂಭೀರವಾಗಿತ್ತು.

"ಮಗಳ, ನೀ ಕಳಿಸಿದ್ದು ಡಿಫೆಕ್ಟಿವ್ ಪೀಸ್ ಅದ."

"ಯಾಕ್ ಕಾಕಾ, ಪೀಸ್ ಮಿಸ್ ಆಗಿದ್ಯಾ?"

"ಮಿಸ್ ಅಲ್ಲ, ಜಾಸ್ತಿ ಅವ. ಮಾರಿ ಮುಗದದ, ಭುಜ ಮುಗದದ. ನಡುವ ಕುತ್ತಿಗಿ ಮುಗೀವಲ್ದು. ಬ್ಯಾರೆ ಡಬ್ಬಿ ಕುತ್ತಿಗಿ ಇದರಾಗ ಬಿದ್ದದ."

ಡಬ್ಬದ ಮೇಲಿನ ಚಿತ್ರ ನೋಡಿ ಎಂದರೆ, ಅಲ್ಲೂ ತಪ್ಪು ಪ್ರಿಂಟ್ ಆಗಿದೆ ಎಂದರು. ನಂಬಿದರೆ ನಂಬಿ ಬಿಟ್ಟರೆ ಬಿಡಿ, ಪಜಲ್ ಕಂಪನಿಗೆ ಫೋನ್ ಮಾಡಿ ನಲವತ್ತು ನಿಮಿಷ ಹೋಲ್ಡಿನಲ್ಲಿದ್ದು, ಯಾವುದೋ ಪಾಪದ ಹುಡುಗಿಗೆ "ಕುತ್ತಿಗೆಯಲ್ಲಿ ಇರಬೇಕಾದದ್ದು ಏಳು ಎಲುಬು, ನಿಮ್ಮ ಹೆಂಗಸಿಗೆ ಕನಿಷ್ಠ ಹತ್ತು ಇವೆ" ಎಂದು ದೂರು ಕೊಟ್ಟರು. ಆ ಹುಡುಗಿ ತುಂಬ ವಿನಯದಿಂದ ಇನ್ನೊಂದು ಡಬ್ಬ ಕಳಿಸಿಕೊಟ್ಟಳಂತೆ. ಅದರಲ್ಲೂ ಅದೇ ಕುತ್ತಿಗೆ ಬಂತು. ಆಗ ಮಾತ್ರ ಕಾಕಾನಿಗೆ ಅನುಮಾನ ಹುಟ್ಟಿತು. ತಪ್ಪು ಕಂಪನಿಯದಲ್ಲ, ಚಿತ್ರ ಬರೆದವನದು! ಅಂದಿನಿಂದ ಆ ಚಿತ್ರಕಾರನ ಬೆನ್ನು ಹತ್ತಿದರು. ಆಮೇಲೆ ಅವನ ಗೆಳೆಯರ ಬೆನ್ನು, ಗುರುಗಳ ಬೆನ್ನು, ಶಿಷ್ಯರ ಬೆನ್ನು. ಮಾರನೆಯ ವರ್ಷ ರಿಟೈರ್ ಆದದ್ದೇ ಸರಿ, ಪೂರ್ತಿ ಇಟಲಿಗೇ ಹೋಗಿಬಿಟ್ಟರು, ಸುವಾನಿಯ ಮನೆಯ ಬೇಸ್‌ಮೆಂಟಿನಲ್ಲೇ ಕೂತುಕೊಂಡು.

ಬೇಸ್‌ಮೆಂಟಿನಲ್ಲಿ ಅವರ ಎರಡು ದೊಡ್ಡ ಪರದೆಗಳಿದ್ದವು, ಎಕ್ಸ್‌ರೇ ನೋಡಲೆಂದು ಇಟ್ಟುಕೊಂಡವು. ಈಗ ಅವುಗಳ ಮೇಲೆ ಇಟಲಿಯ ಚಿತ್ರಗಳು ಬಂದವು. ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವೆ ಕಾಕಾ. ಪ್ರತಿ ಚಿತ್ರಕ್ಕೂ ಒಂದು ವರದಿ. ನನಗೆ ವಾಟ್ಸ್ಯಾಪಿನಲ್ಲಿ ಬಂದ ಒಂದು ವರದಿ ಹೀಗಿತ್ತು: "ಸುಮಾರು ಇಪ್ಪತ್ತೈದು ವರ್ಷದ ಮಹಿಳೆ. ಕುತ್ತಿಗೆ ಅತಿ ಉದ್ದ. ಬೆರಳುಗಳು ಅತಿ ಉದ್ದ. ಎಡ ಸೊಂಟ ಇರಬೇಕಾದಲ್ಲಿ ಇಲ್ಲ. ಮಡಿಲಿನಲ್ಲಿರುವ ಮಗು ಜಾರಿ ಬೀಳುವ ಸಂಭವವಿದೆ. ತಕ್ಷಣ ಗಮನ ಕೊಡತಕ್ಕದ್ದು." ಯಾರು ಗಮನ ಕೊಡಬೇಕು, ಆ ಮಗು ಸತ್ತುಹೋಗಿ ನಾಲ್ಕು ಶತಮಾನದ ಮೇಲಾಯಿತಲ್ಲ, ಎಂದು ನಾನು ಉತ್ತರ ಬರೆದೆ. ಅದಕ್ಕೆ ಅವರು ಒಂದು ವಾರ ಮಾತು ಬಿಟ್ಟಿದ್ದರು.

ನಾನಿರುವುದು ರೆಸ್ಟನ್ನಿನಲ್ಲಿ. ವಾಷಿಂಗ್ಟನ್ನಿನ ದೊಡ್ಡ ಮ್ಯೂಸಿಯಂ ಒಂದು ನಮ್ಮ ಮನೆಯಿಂದ ಒಂದು ಗಂಟೆಯ ದಾರಿ, ಅದರಲ್ಲಿ ಇಟಲಿಯವರಿಗೇ ಎಷ್ಟೋ ಕೋಣೆಗಳು. ಈ ಸಂಗತಿ ಕಾಕಾನಿಗೆ ತಿಳಿದ ಮೇಲೆ ಎರಡು ತಿಂಗಳಿಗೊಮ್ಮೆ ಸವಾರಿ ಹೊರಡತೊಡಗಿತು. ವಿಮಾನವಲ್ಲ, ಕಾರು! ಹತ್ತು ಗಂಟೆಯ ಡ್ರೈವು. ಯಾಕೆಂದರೆ ವಿಮಾನದಲ್ಲಿ ಅವರ ಪುಸ್ತಕಗಳೂ ಕಾಕುವಿನ ಶೇಂಗಾ ಚಟ್ನಿ, ಕಟಕ್ ರೊಟ್ಟಿಯ ಡಬ್ಬಗಳೂ ಹಿಡಿಸುವುದಿಲ್ಲ.

ಒಮ್ಮೆ ನಾನೂ ಅಟ್ಲಾಂಟಾದಲ್ಲಿ ಆಫೀಸಿನ ಕೆಲಸ ಮುಗಿಸಿ ಅವರ ಜೊತೆ ಕಾರಿನಲ್ಲಿ ಬಂದೆ. ದಕ್ಷಿಣ ಕ್ಯಾರೊಲಿನಾದಲ್ಲಿ ಹೈವೇ ಪಕ್ಕಕ್ಕೆ ಪೀಚ್ ಹಣ್ಣಿನ ಆಕಾರದ ಒಂದು ನೀರಿನ ಟ್ಯಾಂಕಿ ಇದೆ. ಅದು ಬರುತ್ತಲೇ ಕಾಕಾ ವೇಗ ತಗ್ಗಿಸಿದರು. ಹಿಂದಿನ ಲಾರಿಯವನು ಹಾರ್ನ್ ಹೊಡೆದ.

"ನೋಡು, ಬೆಳಕು ಒಂದ ಬಾಜೂಲಿಂದ ಬಿದ್ದದ. ಇನ್ನೊಂದು ಬಾಜೂ ಪೂರಾ ಕತ್ತಲಿ. ಇದು ಬರೋಕ್ ಕಾಲದ ಇಟಲಿ ಚಿತ್ರದಂಗ ಅದ."

"ಇದು ನೀರಿನ ಟ್ಯಾಂಕಿ ರೀ. ಮುಂದ ನೋಡಿ ಗಾಡಿ ಹೊಡೀರಿ" ಎಂದರು ಕಾಕು.

ನಾನು ತಡೆಯಲಾರದೆ ಕೇಳಿಬಿಟ್ಟೆ. "ಕಾಕಾ, ರಿನೇಸಾನ್ಸ್, ಬರೋಕ್ ಅಂತೀರಲ್ಲ, ನಡುವೆ ಈ ಉದ್ದ ಕುತ್ತಿಗೆಯವರು ಎಲ್ಲಿಂದ ಬಂದ್ರು?" ಕೇಳಬಾರದಿತ್ತು. ಉತ್ತರ ಷಾರ್ಲೆಟ್ ದಾಟಿ ಗ್ರೀನ್ಸ್‌ಬರೋದವರೆಗೆ ನಡೆಯಿತು. ಆದರೆ ಒಂದು ಮಾತು ಹೇಳಬೇಕು, ಅಷ್ಟು ಚೆನ್ನಾಗಿ ನನಗೆ ಇನ್ನಾರೂ ಅದನ್ನು ಹೇಳಿಕೊಟ್ಟಿಲ್ಲ.

"ಹಿಂಗ ತಿಳಕೊ. ರಿನೇಸಾನ್ಸ್ ಅಂದ್ರ ದೊಡ್ಡ ಗವಾಯಿ, ಒಂದು ರಾಗ ಹಾಡ್ಯಾನ. ಎಲ್ಲಾ ಬರೋಬ್ಬರಿ. ಸ್ವರ ಬರೋಬ್ಬರಿ, ತಾಳ ಬರೋಬ್ಬರಿ. ಮುಗಸಿ ಎದ್ದು ಹೋದ. ಈಗ ಅದ ಜಾಗಾದಾಗ ಶಿಷ್ಯಾ ಕೂತಾನ. ಅಂವ ಏನ್ ಹಾಡಬೇಕು? ಅದನ್ನ ಹಾಡಿದ್ರ ಜನ ಎದ್ದು ಹೋಗ್ತಾರ. ಅದಕ್ಕ ಅಂವ ಒಂದ ಸ್ವರ ಹಿಡದು ಎಳೀತಾನ. ಎಳೀತಾನ, ಎಳೀತಾನ... ನಮಗ ಉಸರು ಕಟ್ಟಬೇಕು, ಹಂಗ. ಈ ಕುತ್ತಿಗಿ ಅಂದ್ರ ಅದ."

"ಮತ್ತೆ ಬರೋಕ್?"

"ಅಷ್ಟೊತ್ತಿಗೆ ಮೊಮ್ಮಕ್ಕಳ ಕಾಲ ಬಂತು. ಅವರು ಅಂದ್ರು, ಸಾಕಪಾ ಎಳದಿದ್ದು. ಕಿಟಕಿ ಮುಚ್ಚು, ಒಂದ ದೀಪ ಹಚ್ಚು, ಓಣ್ಯಾಗಿನ ಮಂದೀನ್ನ ಹೊಲಸ ಕಾಲಿನ ಸಮೇತ ಒಳಗ ಕರಿ, ಹೆಂಗದಾರ ಹಂಗ ಬರಿ. ಕತ್ತಲಿ ಖೋಲಿ, ಒಂದ ದೀಪ. ನನ್ನ ಆಫೀಸೂ ಹಂಗ ಇತ್ತಲ್ಲ."

"ಅಂದ್ರೆ ಉದ್ದ ಕುತ್ತಿಗೆ ತಪ್ಪಲ್ಲ ಅಂತಾಯ್ತು."

"ತಪ್ಪ! ಶಿಷ್ಯಾ ಆದ್ರೇನಾತು, ಎಲುಬು ಎಣಿಸಲಿಕ್ಕೆ ಬರಬೇಕೋ ಬ್ಯಾಡೊ?" ಎಂದರು ಕಾಕಾ. ಅಷ್ಟು ಹೊತ್ತು ಅವನ ಪರ ವಾದಿಸಿ ಕೊನೆಗೆ ಅವನಿಗೇ ಶಿಕ್ಷೆ ವಿಧಿಸಿದರು.

ಮ್ಯೂಸಿಯಮ್ಮಿನಲ್ಲಿ ಅವರದೊಂದು ವಿಧಾನವಿತ್ತು. ಮೊದಲು ಎರಡು ಗೇಣು ದೂರದಲ್ಲಿ ನಿಂತು, ತೋರುಬೆರಳನ್ನು ಗಾಳಿಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಸುತ್ತ ಬಾಯಲ್ಲಿ "ಒಂದು, ಎರಡು, ಮೂರು" ಎನ್ನುವುದು. ಕಾವಲಿನವನು ಬಂದು "ಸರ್, ಹಿಂದೆ ಸರೀರಿ" ಎನ್ನುವುದು. ಸರಿಯುವುದು. ಅವನು ಆಚೆ ಹೋದ ಕೂಡಲೇ ಮತ್ತೆ "ನಾಲ್ಕು, ಐದು". ಹೀಗೆ ಆರು ಸಲ ಹೋಗಿಬರುವ ಹೊತ್ತಿಗೆ ಆ ಕಾವಲಿನವನಿಗೂ ಇವರಿಗೂ ಸ್ನೇಹವೇ ಆಗಿಹೋಯಿತು. ಇವರು ಡಾಕ್ಟರು ಎಂದು ತಿಳಿದ ಆತ ಒಂದು ದಿನ ತನ್ನ ಮೊಣಕಾಲು ತೋರಿಸಿ, ಮೆಟ್ಟಿಲು ಹತ್ತಿದರೆ ನೋವು ಎಂದ. ಕಾಕಾ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. "ನಾ ಮನಷ್ಯಾರನ್ನ ನೋಡಂಗಿಲ್ಲ ಮಗಳ, ಫೋಟೋ ಅಷ್ಟ ನೋಡ್ತೀನಿ" ಎಂದು ನನಗೆ ಕನ್ನಡದಲ್ಲಿ ಹೇಳಿ, ಅದನ್ನು ಅವನಿಗೆ ಹೇಳು ಎಂದರು.

ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಕಾಕು ತಲೆಯೆತ್ತದೆ, "ಖರೇ ಅದ. ನನಗ ನಲವತ್ತು ವರ್ಷದಿಂದ ಗೊತ್ತದ" ಎಂದರು.

ಕಾಕು ಮ್ಯೂಸಿಯಮ್ಮಿಗೆ ಬರುತ್ತಿದ್ದರು, ಆದರೆ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಕೈಯಲ್ಲಿ ಕ್ರೋಶಾ, ತೊಡೆಯ ಮೇಲೆ ನೂಲಿನ ಉಂಡೆ. ಒಮ್ಮೆ ಮಾತ್ರ ಕಾಕಾನ ಕಾಟಕ್ಕೆ ಎದ್ದುಹೋಗಿ ಒಂದು ಬರೋಕ್ ಚಿತ್ರ ನೋಡಿದರು. ಅದರಲ್ಲಿ ದೇವಿಯ ಮುಂದೆ ಮಂಡಿಯೂರಿದ ಬಡವನೊಬ್ಬನ ಅಂಗಾಲು ನೋಡುವವರ ಕಡೆಗೇ ತಿರುಗಿತ್ತು, ಹೊಲಸು ಸಮೇತ. ಕಾಕು ಅದನ್ನು ಕ್ಷಣ ಹೊತ್ತು ದಿಟ್ಟಿಸಿ, "ದೇವರ ಮುಂದ ಬರೂ ಮುಂದ ಕಾಲ ತೊಳಕೊಂಡು ಬರಬಾರದೇನು" ಎಂದು ಹೇಳಿ ಬೆಂಚಿಗೆ ವಾಪಸಾದರು. ವಿಮರ್ಶೆ ಮುಗಿಯಿತು.

ಹೀಗೇ ಸಾಗಿದ್ದರೆ ಎಲ್ಲರಿಗೂ ಕ್ಷೇಮವಿತ್ತು. ಆದರೆ ಹೋದ ವರ್ಷ ಆ ಮ್ಯೂಸಿಯಮ್ಮಿನವರು ಜನರನ್ನು ಸುತ್ತಾಡಿಸಿ ಚಿತ್ರ ತೋರಿಸಲು ವಾಲಂಟಿಯರ್ ಗೈಡುಗಳು ಬೇಕು ಎಂದು ಪ್ರಕಟಣೆ ಹಾಕಿದರು. ಕಾಕಾ ಅಪ್ಲೈ ಮಾಡಿಯೇ ಬಿಟ್ಟರು. ಅಪ್ಲೈ ಮಾಡಿದ್ದು ಸಾಲದೆಂದು ರೆಸ್ಟನ್ನಿನಲ್ಲಿ ಮೆಟ್ರೋ ಸ್ಟೇಷನ್ ಹತ್ತಿರ ಎರಡು ಬೆಡ್‌ರೂಮಿನ ಒಂದು ಮನೆಯನ್ನೂ ನೋಡಿಟ್ಟರು. ಗೈಡ್ ಆದರೆ ಸುವಾನಿಯ ಮನೆ ಮಾರಿ ಇಲ್ಲಿಗೇ ಬರುವುದು, ಆಗದಿದ್ದರೆ ಇಟಲಿಗೂ ಹತ್ತು ಗಂಟೆಯ ಡ್ರೈವಿಗೂ ಪೂರ್ಣವಿರಾಮ. ವಯಸ್ಸು ಎಪ್ಪತ್ತಾಯಿತು, ಇನ್ನು ಈ ಓಡಾಟ ಸಾಕೆಂದು ಅವರ ಡಾಕ್ಟರೂ ಹೇಳಿದ್ದರು.

ಈ ಯೋಜನೆಯನ್ನು ಕಾಕಾ ಎಲ್ಲರಿಗೂ ಹೇಳಿದರು, ಕಾಕುವನ್ನು ಕೇಳಲಿಲ್ಲ. ಕಾಕುವಿಗೆ ಸುವಾನಿಯೇ ಊರು. ಇಪ್ಪತ್ತೆರಡು ವರ್ಷದ ಮನೆ. ದಿನಾ ಬೆಳಿಗ್ಗೆ ಜೊತೆಗೆ ವಾಕಿಂಗ್ ಹೋಗುವ ಮೂವರು ಗೆಳತಿಯರು. ಅವರಲ್ಲಿ ಒಬ್ಬರಿಗೆ ಗಂಡ ತೀರಿಕೊಂಡಾಗ ಕಾಕು ಹದಿಮೂರು ದಿನ ಅವರ ಮನೆಯಲ್ಲೇ ಅಡುಗೆ ಮಾಡಿದ್ದರು. "ಈ ವಯಸ್ಸಿನಾಗ ನಾ ಎಲ್ಲೆ ಹೋಗಿ ಹೊಸಾ ಗೆಳತೇರನ್ನ ಮಾಡ್ಕೊಳ್ಳಲಿ ಹೇಳು" ಎಂದು ನನ್ನೆದುರು ಅತ್ತರು. ಹಾಗೆಂದು ಗಂಡನ ಆಸೆಗೆ ಅಡ್ಡ ಬರುವವರೂ ಅಲ್ಲ. ಅವರು ದೇವರ ಮೊರೆ ಹೋದರು. ಗಂಡ ಈ ಪರೀಕ್ಷೆಯಲ್ಲಿ ಫೇಲಾದರೆ ಐದು ಶನಿವಾರ ಹನುಮಪ್ಪನಿಗೆ ವಡೆ ಮಾಲೆ! ಅದೇ ವಾರ ಕಾಕಾನೂ ನನಗೆ ಗುಟ್ಟಾಗಿ ತಿಳಿಸಿದರು, ಪಾಸಾದರೆ ಏಳು ಶನಿವಾರ ಅದೇ ಹನುಮಪ್ಪನಿಗೆ. ಎರಡೂ ಅರ್ಜಿಗಳನ್ನು ಒಂದೇ ಮನೆಯಿಂದ ಸ್ವೀಕರಿಸಿದ ಆ ದೇವರ ಬಗ್ಗೆ ನನಗೆ ಮರುಕ ಹುಟ್ಟಿತು.

ಪರೀಕ್ಷೆಯ ದಿನ ಗೊತ್ತಾಯಿತು. ಹದಿನೈದು ನಿಮಿಷ, ಮೂರು ಚಿತ್ರ, ಆಯ್ಕೆ ಸಮಿತಿಯ ನಾಲ್ವರನ್ನು ಪ್ರೇಕ್ಷಕರೆಂದುಕೊಂಡು ತೋರಿಸಬೇಕು. ಅಭ್ಯಾಸಕ್ಕೆಂದು ಕಾಕಾ ಕಾಕುವಿನ ಜೊತೆ ಒಂದು ವಾರ ಮೊದಲೇ ನಮ್ಮ ಮನೆಗೆ ಬಂದರು. ನಾನು ಹಾಕಿದ ಷರತ್ತು ಒಂದೇ, ಡಾಕ್ಟರಿಕೆಯ ಒಂದು ಶಬ್ದವೂ ಬಾಯಿಂದ ಬರಕೂಡದು. ನನ್ನ ಹನ್ನೊಂದು ವರ್ಷದ ಮಗಳು ದೇವರ ಮನೆಯ ಗಂಟೆ ತಂದು ಕೂತಳು. ಅಂಥ ಶಬ್ದ ಬಂದಾಗಲೆಲ್ಲ ಗಂಟೆ. ಫ್ರಿಜ್ಜಿಗೆ ಅಂಟಿಸಿದ ಚಿತ್ರದ ಮುಂದೆ ಕಾಕಾ ಬಾಯಿ ತೆರೆದರು. ಹತ್ತು ನಿಮಿಷಕ್ಕೆ ಮಹಾಮಂಗಳಾರತಿಯಾದಂತಾಯಿತು. ಪಕ್ಕದ ಮನೆಯವರು ಏನು ಹಬ್ಬ ಎಂದು ಕೇಳಿದರು.

"ಅಜ್ಜಾ, ಜಸ್ಟ್ ಸೇ ವಾಟ್ ಯು ಲೈಕ್. ನಿಂಗೆ ಏನು ಇಷ್ಟ, ಅದು ಹೇಳು" ಎಂದಳು ಮಗಳು.

"ಇಷ್ಟ ಅನ್ನೋದು ರಿಪೋರ್ಟಿನ್ಯಾಗ ಬರೀಲಿಕ್ಕೆ ಬರಂಗಿಲ್ಲ ಮರಿ" ಎಂದರು ಕಾಕಾ.

ಪರೀಕ್ಷೆಯ ದಿನ ಬೆಳಿಗ್ಗೆ ಕಾಕಾ ಕೋಟು ಹಾಕಿ ಟೈ ಕಟ್ಟಿದರು. ಕಾಕು ಇಳಕಲ್ ಸೀರೆ ಉಟ್ಟು, ಮೇಲೆ ಶಾಲು ಹೊದ್ದು, ಮ್ಯೂಸಿಯಮ್ಮಿನಲ್ಲಿ ಮಾಮೂಲಿನಂತೆ ಬೆಂಚಿನ ಮೇಲೆ ಕೂತರು. ಸಮಿತಿಯಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು ಮುಖ್ಯಸ್ಥೆ, ಜೊತೆಗೆ ಮೂವರು. ಮೊದಲ ಚಿತ್ರ ನಮ್ಮ ಹಳೆಯ ಪರಿಚಯದ ಬಗೆಯದೇ. ಮಗುವಿನ ತಾಯಿ, ಹಂಸದ ಹಾಗೆ ಏರಿದ ಕುತ್ತಿಗೆ. ಕಾಕಾ ನಮಸ್ಕಾರ ಹೇಳಿ ಶುರು ಮಾಡಿದರು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ. ಅದೂ ಧಾರವಾಡದ್ದೇ ಆದ್ದರಿಂದ ಹೆಚ್ಚು ನಷ್ಟವಿಲ್ಲ.

ಗವಾಯಿಯ ಕಥೆ ಹೇಳಿದರು. ಶಿಷ್ಯನ ಕಥೆ ಹೇಳಿದರು. ಜನ ನಕ್ಕರು. ಐದು ನಿಮಿಷ ಒಂದೇ ಒಂದು ಎಲುಬಿನ ಹೆಸರಿಲ್ಲ. ಆಗ ಆ ಬಿಳಿ ಕೂದಲಿನ ಹೆಂಗಸು ಒಂದು ಪ್ರಶ್ನೆ ಕೇಳಿದರು. "ಡಾಕ್ಟರ್, ಈ ಚಿತ್ರಕಾರನಿಗೆ ಕುತ್ತಿಗೆ ಎಷ್ಟುದ್ದ ಇರುತ್ತದೆಂದು ಗೊತ್ತಿರಲಿಲ್ಲವೆ?"

ಕಾಕಾ ಬೆರಳೆತ್ತಿದರು. ಮುಗಿಯಿತು, ಇನ್ನು ಎಣಿಕೆ ಶುರು ಎಂದುಕೊಂಡೆ. ಬೆರಳು ಮೇಲೆಯೇ ನಿಂತಿತು. ಅವರು ಚಿತ್ರವನ್ನು ನೋಡಿದರು, ತುಂಬ ಹೊತ್ತು ನೋಡಿದರು. ಆಮೇಲೆ ತಿರುಗಿ ಬೆಂಚಿನ ಕಡೆ ನೋಡಿದರು. ಅಲ್ಲಿ ಕಾಕು ಕ್ರೋಶಾದ ಮೇಲೆ ತಲೆ ಬಗ್ಗಿಸಿ ಕೂತಿದ್ದರು.

"ಗೊತ್ತಿತ್ತು" ಎಂದರು ಕಾಕಾ. "ಅಂವಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾ ಆಗ ಹೊಸಾ ಡಾಕ್ಟರ್. ಹೆಣ್ಣು ನೋಡಲಿಕ್ಕೆ ಹೋಗಿದ್ದೆ. ಹುಡುಗಿ ಅವಲಕ್ಕಿ ತಂದು ಇಟ್ಟು, ತಲಿ ಬಗ್ಗಿಸಿ ಕೂತ್ಲು. ನಮ್ಮ ಅತ್ಯಾ ನನ್ನ ಕಿವ್ಯಾಗ, 'ಹುಡುಗಿ ಕುತ್ತಿಗಿ ಭಾಳ ಉದ್ದ ಅದ, ಬ್ಯಾಡ' ಅಂದ್ಲು. ಕುತ್ತಿಗ್ಯಾಗ ಏಳ ಎಲುಬು ಇರ್ತಾವ. ನನಗೂ ಏಳು, ನಿಮಗೂ ಏಳು, ಜಿರಾಫಿಗೂ ಏಳ. ಇದು ನನಗ ಪರೀಕ್ಷಾದಾಗ ಬಂದಿತ್ತು. ಆದ್ರ ಅವತ್ತು ಕೂತು ಎಣಿಸಿದೆ ನೋಡ್ರಿ, ನನಗ ಹತ್ತು ಬಂದವು. ಯಾಕಂದ್ರ ನನಗ ಎಣಿಸೂದು ಮುಗಸೂ ಮನಸಿರಲಿಲ್ಲ. ಇವಗೂ ಹಂಗ ಆಗಿರಬೇಕು."

ಕಾಕಾ ಚಿತ್ರದ ಕಡೆ ತಿರುಗಿದವರು ಅಲ್ಲೇ ನಿಂತುಬಿಟ್ಟರು. ಮುಂದಿನ ಚಿತ್ರಕ್ಕೆ ಹೋಗಬೇಕೆಂಬುದು ಅವರಿಗೆ ನೆನಪೇ ಇದ್ದಂತಿರಲಿಲ್ಲ. ಹದಿನೈದು ನಿಮಿಷ ಆ ಒಂದೇ ಚಿತ್ರದ ಮುಂದೆ ಕಳೆದುಹೋಯಿತು.

ಇಷ್ಟು ವರ್ಷ ಕಾಕುವನ್ನು ನೋಡಿದ್ದೇನೆ, ಅವರ ಕುತ್ತಿಗೆಯನ್ನು ನಾನು ನೋಡಿಯೇ ಇರಲಿಲ್ಲ. ನೋಡಲು ಅವರು ಬಿಟ್ಟಿರಲೂ ಇಲ್ಲ. ಎಲ್ಲ ಫೋಟೋಗಳಲ್ಲೂ ಸೆರಗೋ ಶಾಲೋ ಸುತ್ತಿಕೊಂಡೇ ಇರುತ್ತಾರೆ. ಈಗ ಅವರ ಕೈ ಶಾಲಿನ ಒಳಗೆ ಕುತ್ತಿಗೆಯ ಮೇಲಿತ್ತು. ನೂಲಿನ ಉಂಡೆ ಕೆಳಗೆ ಬಿದ್ದು ಉರುಳಿದ್ದು ಅವರಿಗೆ ಗೊತ್ತಾಗಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಆ ಅತ್ಯಾ ಅಂದಿದ್ದು ನನಗ ಅವತ್ತ ಕೇಳಿಸಿತ್ತು ಮಗಳ" ಎಂದರು, ನನ್ನ ಕಡೆ ನೋಡದೆ. "ಇವರು ಅಂದಿದ್ದು ನಲವತ್ತಮೂರು ವರ್ಷ ಆದಮ್ಯಾಲ ಇವತ್ತ ಕೇಳಿಸ್ತು."

ನನಗೆ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಸಮಿತಿಯವರು ಒಂದು ಮೂಲೆಯಲ್ಲಿ ಮಾತಾಡಿಕೊಂಡರು. ಆ ಬಿಳಿ ಕೂದಲಿನ ಹೆಂಗಸು ಬಂದು ಕಾಕಾನ ಕೈ ಹಿಡಿದುಕೊಂಡು, ತುಂಬ ಚೆನ್ನಾಗಿ ಮಾತಾಡಿದಿರಿ, ಆದರೆ ಮೂರು ಚಿತ್ರ ತೋರಿಸಬೇಕಿತ್ತು, ನಿಯಮ ನಿಯಮವೇ, ಈ ವರ್ಷ ಆಗುವುದಿಲ್ಲ ಎಂದರು. ಕಾಕಾ ಒಳ್ಳೆಯ ಹುಡುಗನ ಹಾಗೆ ತಲೆಯಾಡಿಸಿದರು. "ಥ್ಯಾಂಕ್ಯೂ" ಎಂದರು. ನಮಗೆ ಬೆನ್ನು ಹಾಕಿ ಟೈ ಸಡಿಲಿಸುತ್ತ ಮೆಲ್ಲಗೆ ಬಾಗಿಲ ಕಡೆ ಹೊರಟರು. ಆ ಕೋಣೆಯಿಂದ ಅವರು ಹೀಗೆ ಹಿಂತಿರುಗಿ ನೋಡದೆ ಹೋದದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಕಾಕು ಬೆಂಚಿನಿಂದ ಎದ್ದರು. ನೇರವಾಗಿ ಚಿತ್ರದ ಮುಂದೆ ಹೋಗಿ ನಿಂತು ಅದನ್ನು ಮೇಲಿನಿಂದ ಕೆಳಗೆ ನೋಡಿದರು. ಶಾಲನ್ನು ತೆಗೆದು ತೋಳಿನ ಮೇಲೆ ಹಾಕಿಕೊಂಡರು. ಆಮೇಲೆ ಆ ಬಿಳಿ ಕೂದಲಿನ ಹೆಂಗಸಿನ ಬಳಿಗೆ ಹೋದರು. ಕಾಕು ಅಪರಿಚಿತರ ಜೊತೆ ಇಂಗ್ಲಿಷಿನಲ್ಲಿ ತಾವಾಗಿಯೇ ಮಾತಿಗಿಳಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ನೆಕ್ಸ್ಟ್ ಇಯರ್, ವಿಚ್ ಮಂತ್?" ಎಂದು ಕೇಳಿದರು.

ವಸಂತದಲ್ಲೇ, ಇದೇ ಹೊತ್ತಿಗೆ ಎಂದರು ಆಕೆ.

"ಹಿ ವಿಲ್ ಕಮ್. ಥ್ರೀ ಪಿಕ್ಚರ್ಸ್, ಐ ವಿಲ್ ಟೀಚ್ ಹಿಮ್" ಎಂದರು ಕಾಕು. ಸ್ವಲ್ಪ ತಡೆದು, "ವಿ ಆರ್ ಶಿಫ್ಟಿಂಗ್ ಹಿಯರ್ ಓನ್ಲಿ, ಇನ್ ರೆಸ್ಟನ್" ಎಂದರು.

ಬಾಗಿಲ ಹತ್ತಿರ ಬಿಚ್ಚಿದ ಟೈಯನ್ನು ಯಾವ ಜೇಬಿಗೆ ತುರುಕುವುದೆಂದು ತಿಳಿಯದೆ ನಿಂತಿದ್ದ ಕಾಕಾನಿಗೆ ಇದೊಂದೂ ಕೇಳಿಸಲಿಲ್ಲ. ನಾನು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕಾಕು ಆಗಲೇ ಅವರ ಕಡೆ ನಡೆಯತೊಡಗಿದ್ದರು.